ಬಿಗ್ ಇಶ್ಯೂ ಮಾರುವವರಿಗೆ ನಿಜಕ್ಕೂ ಕಷ್ಟ ಇದೆಯಾ? ಗೊತ್ತಿದ್ದವರು ಹೇಳಿ

ಕೊಪ್ಪದಹುಡುಗಿ (ರೀಡಿಂಗ್)

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿಗೆ ಬಂದು ಒಂದೂವರೆ ವರ್ಷ ಆಯಿತು. ಒಂದು ವಿಷಯ ನಾಲ್ಕು ದಿನದಿಂದ ತಲೆ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಹತ್ತಿರದ ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಒಬ್ಬ ಹೆಂಗಸು ಬಿಗ್ ಇಶ್ಯೂ ಪತ್ರಿಕೆ ಮಾರುತ್ತಾರೆ. ಮನೆ ಇಲ್ಲದವರು, ಬಡವರು ಬೀದಿಯಲ್ಲಿ ನಿಂತು ಮಾರುವ ಪತ್ರಿಕೆ ಅದು. ಐವತ್ತರ ಹತ್ತಿರ ವಯಸ್ಸಿರಬಹುದು. ಕೆಂಪು ಜಾಕೆಟ್, ತಲೆಗೆ ಹೂವಿನ ಸ್ಕಾರ್ಫ್, ಉದ್ದ ಲಂಗ. ಹೋಗುವವರಿಗೆ ಬರುವವರಿಗೆಲ್ಲ ನಗುತ್ತಾ ಹಲೋ ಹೇಳುತ್ತಾರೆ. ಹತ್ತರಲ್ಲಿ ಒಂಬತ್ತು ಜನ ಅವರ ಕಡೆ ನೋಡುವುದೇ ಇಲ್ಲ. ನಾನೂ ಎಷ್ಟೋ ದಿನ ಫೋನ್ ನೋಡುವ ಹಾಗೆ ಮಾಡಿ ಒಳಗೆ ಹೋಗಿದ್ದೇನೆ.

ಕಳೆದ ಶನಿವಾರ ಒಂದು ಪ್ರತಿ ತೆಗೆದುಕೊಳ್ಳೋಣ ಅಂತ ಪರ್ಸ್ ತೆಗೆದೆ. ಜೊತೆಗಿದ್ದ ನಮ್ಮ ಪರಿಚಯದವರು, ಅವರೂ ಕನ್ನಡದವರೇ, ಕೈ ಹಿಡಿದು ನಿಲ್ಲಿಸಿದರು. 'ಸುಮ್ನೆ ಇರು, ಇವರೆಲ್ಲ ಒಂದು ಗುಂಪು. ಬೆಳಗ್ಗೆ ಕಾರಲ್ಲಿ ಬಂದು ಇಳೀತಾರೆ, ನಾನೇ ನೋಡಿದೀನಿ' ಅಂದರು. ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು, ಆದರೂ ಆ ಹೆಂಗಸಿಗೆ ಅರ್ಥವಾಗಿ ಹೋಯಿತು. ಚಾಚಿದ್ದ ಪತ್ರಿಕೆಯನ್ನು ನಿಧಾನವಾಗಿ ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದರು. ನಾನು ಪರ್ಸ್ ಮುಚ್ಚಿ ಒಳಗೆ ಹೋದೆ. ಒಳಗೆ ಹೋಗಿ ನಾಲ್ಕು ಪೌಂಡ್‌ಗಿಂತ ಜಾಸ್ತಿ ಕೊಟ್ಟು ಬೇಡದ ಬಿಸ್ಕತ್ತು ತಂದೆ.

ಇಲ್ಲಿ ತುಂಬಾ ವರ್ಷದಿಂದ ಇರುವವರು ಹೇಳಿ. ಇದು ಮೋಸಾನಾ? ಇಲ್ಲ ನಾವೇ ತಪ್ಪು ತಿಳಿದಿದ್ದೇವಾ?

ಸಕ್ಕರೆನಾಡು (ಹೌನ್ಸ್ಲೋ)

ನಿಮ್ಮ ಜೊತೆಗಿದ್ದವರು ಹೇಳಿದ್ದು ಸರಿ. ನಮ್ಮ ಏರಿಯಾದಲ್ಲಿ ಮಾರುವವನ ಕೈಯಲ್ಲಿ ನನ್ನದಕ್ಕಿಂತ ಒಳ್ಳೆ ಫೋನ್ ಇದೆ. ಕಾಲಲ್ಲಿ ಬ್ರ್ಯಾಂಡೆಡ್ ಶೂ. ರಾತ್ರಿ ಮಲಗುವುದಕ್ಕೆ ಮನೆ ಇದೆ ಅಂತ ಅವನೇ ಒಪ್ಪಿಕೊಂಡ. ಮತ್ತೆ ಮನೆ ಇಲ್ಲದವರ ಪತ್ರಿಕೆ ಅಂತ ಯಾಕೆ ಹೇಳಬೇಕು? ಕಷ್ಟಪಟ್ಟು ದುಡಿದ ದುಡ್ಡು ನಮ್ಮದು. ಕೊಡುವ ಮುಂಚೆ ಯೋಚನೆ ಮಾಡುವುದರಲ್ಲಿ ತಪ್ಪೇನಿಲ್ಲ.

ಲೀಡ್ಸ್‌ರಾಯರು (ಲೀಡ್ಸ್)

ನಾನು ಈ ದೇಶಕ್ಕೆ ಬಂದು 21 ವರ್ಷ ಆಯಿತು. ಅದರಲ್ಲಿ ಆರು ವರ್ಷ ವಾರಕ್ಕೊಂದು ಸಂಜೆ ಊಟ ಹಂಚುವ ಕಡೆ ಕೆಲಸ ಮಾಡಿದ್ದೇನೆ. ಅಲ್ಲಿ ಬಿಗ್ ಇಶ್ಯೂ ಮಾರುವವರೂ ಬರುತ್ತಿದ್ದರು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಇದು ಏನು ಅಂತ ತಿಳಿದುಕೊಳ್ಳೋಣ. 1991ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಶುರುವಾಯಿತು. ಬಾಡಿ ಶಾಪ್ ಅನ್ನುವ ಸೌಂದರ್ಯ ಸಾಮಗ್ರಿ ಕಂಪನಿ ಕಟ್ಟಿದ ಅನಿತಾ ರಾಡಿಕ್ ಅವರ ಗಂಡ ಗಾರ್ಡನ್ ರಾಡಿಕ್, ನ್ಯೂಯಾರ್ಕ್ ಬೀದಿಯಲ್ಲಿ 'ಸ್ಟ್ರೀಟ್ ನ್ಯೂಸ್' ಅನ್ನುವ ಪತ್ರಿಕೆಯನ್ನು ಮನೆ ಇಲ್ಲದವರು ಮಾರುವುದು ನೋಡಿ ಬಂದರು. ಇಲ್ಲಿ ಜಾನ್ ಬರ್ಡ್ ಜೊತೆ ಸೇರಿ ಬಿಗ್ ಇಶ್ಯೂ ಮಾಡಿದರು. ಈ ಜಾನ್ ಬರ್ಡ್ ಚಿಕ್ಕವರಿದ್ದಾಗ ಮನೆ ಕಳೆದುಕೊಂಡವರು, ಅನಾಥಾಶ್ರಮದಲ್ಲಿ ಬೆಳೆದವರು, ಜೈಲೂ ನೋಡಿದವರು. 2015ರಲ್ಲಿ ಇಲ್ಲಿನ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಸದಸ್ಯರಾದರು. ಪತ್ರಿಕೆ ಮೊದಲು ತಿಂಗಳಿಗೊಂದು ಬರುತ್ತಿತ್ತು, 1993ರಲ್ಲಿ ವಾರಪತ್ರಿಕೆ ಆಯಿತು.

ಈಗ ಲೆಕ್ಕ ನೋಡಿ. ಮುಖಬೆಲೆ 4 ಪೌಂಡ್. ಮಾರುವವರು ತಮ್ಮ ಕೈಯಿಂದ 2 ಪೌಂಡ್ ಕೊಟ್ಟು ಕೊಳ್ಳಬೇಕು. ಶುರುವಿನಲ್ಲಿ ಕೆಲವು ಪ್ರತಿ ಪುಕ್ಕಟೆ ಕೊಡುತ್ತಾರೆ. ಅದನ್ನು ಮಾರಿ ಬಂದ ದುಡ್ಡೇ ಬಂಡವಾಳ. ಆಮೇಲೆ ಎಲ್ಲವೂ ಸ್ವಂತ ದುಡ್ಡಿನ ವ್ಯಾಪಾರ. ಉಳಿದ ಪ್ರತಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಹೊಸ ಸಂಚಿಕೆ ಬಂದರೆ ಹಳೇದು ಯಾರಿಗೆ ಬೇಕು? ಅಷ್ಟೂ ನಷ್ಟ ಅವರ ತಲೆಗೇ. ನಮ್ಮ ಕಡೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಇದು ಹೇಳಿಕೊಡಬೇಕಿಲ್ಲ. ಸಂಜೆಯೊಳಗೆ ಖಾಲಿ ಆಗದಿದ್ದರೆ ಬಾಡಿದ ಸೊಪ್ಪು ದನಕ್ಕೆ, ಅಸಲು ಗಾಳಿಗೆ.

ಸಕ್ಕರೆನಾಡು ಅವರೇ, ಅಲ್ಲಿ ಬರುತ್ತಿದ್ದ ಒಬ್ಬ ಮನುಷ್ಯನ ವಿಷಯ ಹೇಳುತ್ತೇನೆ, ಹೆಸರು ಬೇಡ. ಮಳೆ ಬಂದ ದಿನ ಅವನು ತನ್ನ ಟೋಪಿ ಸರಿಮಾಡಿಕೊಳ್ಳುವ ಮುಂಚೆ ಪತ್ರಿಕೆಗಳನ್ನು ಕಪ್ಪು ಕಸದ ಚೀಲದಲ್ಲಿ ಸುತ್ತುತ್ತಿದ್ದ. ಎರಡು ಸುತ್ತು, ಮೇಲೊಂದು ರಬ್ಬರ್ ಬ್ಯಾಂಡ್. ಕಟ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಪ್ರತಿಯ ಮೂಲೆ ಒದ್ದೆಯಾಗಿದ್ದರೆ ಊಟದ ಮೇಜಿನ ಮೇಲೆ ಬಿಡಿಸಿಟ್ಟು ಪೇಪರ್ ಟವೆಲ್‌ನಿಂದ ಒಂದೊಂದೇ ಪುಟ ಒತ್ತಿ ಒಣಗಿಸುತ್ತಿದ್ದ. ಸೂಪು ಆರಿ ತಣ್ಣಗಾಗುತ್ತಿತ್ತು. ಒಂದು ಪ್ರತಿ ಒದ್ದೆಯಾದರೆ 2 ಪೌಂಡ್ ಹೋಯಿತು ಅಂತ. ಎರಡು ಪೌಂಡ್‌ಗೆ ಅಷ್ಟು ಹೊತ್ತು ಕೂರುವವನನ್ನು ನೋಡಿದ ಮೇಲೆ ನನಗೆ ಯಾವ ಫೋನೂ ಯಾವ ಶೂನೂ ದೊಡ್ಡದಾಗಿ ಕಾಣಲಿಲ್ಲ.

ಫೋನ್ ವಿಷಯಕ್ಕೆ ಬರುತ್ತೇನೆ. ಈ ದೇಶದಲ್ಲಿ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಮನೆಗೆ ಅರ್ಜಿ ಹಾಕಬೇಕಾ, ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಕಾ, ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಸಹಾಯಧನ) ಖಾತೆ ತೆರೆಯಬೇಕಾ, ಎಲ್ಲಕ್ಕೂ ಫೋನ್ ಬೇಕು. ಮನೆ ಇಲ್ಲದವನಿಗೆ ಫೋನೇ ವಿಳಾಸ.

ಸಕ್ಕರೆನಾಡು (ಹೌನ್ಸ್ಲೋ)

ರಾಯರೇ, ಇಷ್ಟು ವಿವರ ನನಗೆ ಗೊತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಮನೆ ಇದೆ ಅಂತ ಅವನೇ ಹೇಳಿದ. ಅದಕ್ಕೇನಂತೀರಿ?

ಲೀಡ್ಸ್‌ರಾಯರು (ಲೀಡ್ಸ್)

ಮನೆ ಇಲ್ಲ ಅಂದರೆ ಫುಟ್‌ಪಾತ್ ಮೇಲೆ ಮಲಗುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ 2024ರ ಶರತ್ಕಾಲದಲ್ಲಿ ಒಂದು ರಾತ್ರಿ ಎಣಿಸಿದಾಗ ಬೀದಿಯಲ್ಲಿ ಮಲಗಿದ್ದವರು 4,667 ಜನ. ಅದೇ ವರ್ಷದ ಕೊನೆಗೆ ಕೌನ್ಸಿಲ್ ಕೊಟ್ಟ ತಾತ್ಕಾಲಿಕ ಜಾಗದಲ್ಲಿ ಇದ್ದ ಕುಟುಂಬಗಳು 1.2 ಲಕ್ಷಕ್ಕೂ ಜಾಸ್ತಿ. ಇನ್ನು ಸ್ನೇಹಿತರ ಮನೆ ಸೋಫಾ ಮೇಲೆ ವಾರಕ್ಕೊಂದು ಕಡೆ ಮಲಗುವವರನ್ನು ಯಾರೂ ಎಣಿಸುವುದಿಲ್ಲ. ಒಂದು ರೂಮಿನಲ್ಲಿ ಏಳು ಜನ, ಬಾಡಿಗೆ ಎರಡು ತಿಂಗಳು ಬಾಕಿ, ಮುಂದಿನ ತಿಂಗಳು ಆಚೆ. ಅಂಥವನನ್ನು ಕೇಳಿದರೂ 'ಮನೆ ಇದೆ' ಅಂತಾನೇ ಹೇಳುತ್ತಾನೆ.

ಬಿಗ್ ಇಶ್ಯೂದವರೂ ಬೀದಿಯಲ್ಲಿ ಮಲಗುವವರಿಗೆ ಮಾತ್ರ ಅಂತ ಹೇಳುವುದಿಲ್ಲ. ಮನೆ ಕಳೆದುಕೊಳ್ಳುವ ಅಂಚಿನಲ್ಲಿ ಇರುವವರು, ಬೇರೆ ದಾರಿ ಇಲ್ಲದ ಬಡವರು ಅವರೂ ಮಾರಬಹುದು. ಪತ್ರಿಕೆ ಮಾರಿ ಒಂದು ರೂಮು ಹಿಡಿದವನು ಮಾರುವುದು ನಿಲ್ಲಿಸಿದರೆ ಮುಂದಿನ ತಿಂಗಳ ಬಾಡಿಗೆ ಎಲ್ಲಿಂದ ಬರಬೇಕು ಹೇಳಿ.

ಇನ್ನೊಂದು ಮಾತು ಜಾಸ್ತಿ ಕೇಳಿಬರುತ್ತದೆ: 'ಸರ್ಕಾರದ ದುಡ್ಡೂ ತಗೊಳ್ತಾರೆ, ಇದನ್ನೂ ಮಾರ್ತಾರೆ.' ಹೌದು, ತೆಗೆದುಕೊಳ್ಳಬಹುದು, ಕಾನೂನಲ್ಲಿ ಅವಕಾಶ ಇದೆ. ಸಂಪಾದನೆ ತೋರಿಸಬೇಕು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಸಾಮಾನ್ಯವಾಗಿ ಒಂದು ಪೌಂಡ್ ದುಡಿದರೆ 55 ಪೆನ್ಸ್ ಕಡಿತ. ಅಂದರೆ ಒಂದು ಪತ್ರಿಕೆಗೆ 2 ಪೌಂಡ್ ಲಾಭ, ಅದರಲ್ಲಿ 1 ಪೌಂಡ್ 10 ಪೆನ್ಸ್ ಹೋಯಿತು, ಉಳಿದದ್ದು 90 ಪೆನ್ಸ್. ಚಳಿಯಲ್ಲಿ ನಿಂತು ಒಂದು ಗಂಟೆಗೆ ಎಷ್ಟು ಮಾರಬಹುದು ಅಂತ ನೀವೇ ಲೆಕ್ಕ ಹಾಕಿ.

ಹುಬ್ಬಳ್ಳಿಮಂದಿ (ಬ್ರಿಸ್ಟಲ್)

ನನ್ನದೊಂದು ಪ್ರಶ್ನೆ, ಯಾರೂ ತಪ್ಪು ತಿಳಿಯಬೇಡ್ರಿ. ನಾನು ನೋಡಿದ ಊರುಗಳಲ್ಲಿ ಮಾರುವವರಲ್ಲಿ ರೊಮೇನಿಯಾದವರು ಭಾಳ ಇದ್ದಾರೆ. ಅದಕ್ಕೇ ಜನ 'ಗ್ಯಾಂಗ್' ಅಂತಾರೆ. ಅಷ್ಟೊಂದು ಜನ ಒಂದೇ ದೇಶದವರು ಯಾಕೆ? ಅದರ ಹಿಂದೆ ಏನಾದರೂ ಇದೆಯಾ?

ಕೆಂಪಂಗಿ (ಮಿಲ್ಟನ್ ಕೀನ್ಸ್)

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಬಾಡಿಗೆ, ವಸತಿ ಸಲಹೆ ಕೊಡುವ ಕೆಲಸದಲ್ಲಿದ್ದೇನೆ.

ಗ್ಯಾಂಗ್ ಕಥೆ ಹುಡುಕುವ ಮುಂಚೆ ಕಾನೂನು ನೋಡಬೇಕು. ರೊಮೇನಿಯಾ, ಬಲ್ಗೇರಿಯಾ ಎರಡೂ 2007ರಲ್ಲಿ ಐರೋಪ್ಯ ಒಕ್ಕೂಟಕ್ಕೆ ಸೇರಿದವು. ಆದರೆ ಬ್ರಿಟನ್ ಆ ಎರಡು ದೇಶದವರಿಗೆ ಏಳು ವರ್ಷ ಕಟ್ಟುಪಾಡು ಹಾಕಿತು. ಇಲ್ಲಿ ಬಂದು ಇರಬಹುದು, ಆದರೆ ಅನುಮತಿ ಇಲ್ಲದೆ ಯಾರ ಕೈಕೆಳಗೂ ಸಂಬಳಕ್ಕೆ ಸೇರುವ ಹಾಗಿಲ್ಲ. 2014ರ ಜನವರಿ 1ಕ್ಕೆ ಅದು ಮುಗಿಯಿತು. ಅಷ್ಟು ದಿನ ತೆರೆದಿದ್ದ ಬಾಗಿಲು ಸ್ವಂತ ಉದ್ಯೋಗದ್ದು. ಇಂಗ್ಲಿಷ್ ಬಾರದ, ಓದು ಬರಹ ಇಲ್ಲದ, ಬಂಡವಾಳ ಇಲ್ಲದ ಮನುಷ್ಯ ಯಾವ ಸ್ವಂತ ಉದ್ಯೋಗ ಮಾಡಬೇಕು? 2 ಪೌಂಡ್‌ಗೂ ಕಡಿಮೆ ಹಾಕಿ ಶುರು ಮಾಡಬಹುದಾದ ವ್ಯಾಪಾರ ಇದೊಂದೇ ಇತ್ತು. ಒಬ್ಬಳು ಮಾರಿದಳು, ತಂಗಿಗೆ ಹೇಳಿದಳು, ತಂಗಿ ಓರಗಿತ್ತಿಗೆ ಹೇಳಿದಳು. ನಮ್ಮವರು ಒಬ್ಬರು ಒಂದು ಕಂಪನಿ ಸೇರಿದ ಮೇಲೆ ಅದೇ ಕಂಪನಿಯಲ್ಲಿ ಹದಿನೈದು ಜನ ಕನ್ನಡದವರು ಆಗುವುದಿಲ್ಲವಾ? ಅದನ್ನು ನಾವು ಗ್ಯಾಂಗ್ ಅನ್ನುವುದಿಲ್ಲ, ರೆಫರಲ್ ಅಂತೀವಿ.

ಬ್ರಿಸ್ಟಲ್ ಅಂದಿರಲ್ಲ, ನಿಮ್ಮ ಊರಿನದೇ ಒಂದು ಕೇಸು ಇದೆ. ಬಿಗ್ ಇಶ್ಯೂ ಮಾರುತ್ತಿದ್ದ ಒಬ್ಬ ರೊಮೇನಿಯಾದ ಹೆಂಗಸಿಗೆ ಕೌನ್ಸಿಲ್ ಬಾಡಿಗೆ ಸಹಾಯ ಕೊಡಲು ಒಪ್ಪಲಿಲ್ಲ. 2012ರ ಹೊತ್ತಿಗೆ ಅವರೇ ಗೆದ್ದರು. ಪತ್ರಿಕೆ ಮಾರುವುದು ಸ್ವಂತ ಉದ್ಯೋಗವೇ ಅಂತ ತೀರ್ಪಾಯಿತು. ಆಗ ಪೇಪರುಗಳಲ್ಲಿ ಅವರ ಫೋಟೋ ಹಾಕಿ ಎಷ್ಟು ಬೈದರು ಗೊತ್ತಾ? ಇವತ್ತಿಗೂ ಜನರ ತಲೆಯಲ್ಲಿ ಉಳಿದಿರುವುದು ಆ ಬೈಗುಳ. ಅವರು ಬೆಳಗ್ಗೆಯಿಂದ ಸಂಜೆವರೆಗೆ ನಿಂತು ಮಾರುತ್ತಿದ್ದರು ಅನ್ನುವುದು ಯಾರಿಗೂ ನೆನಪಿಲ್ಲ.

ಹಾಗೆ ಬಂದ ರೊಮೇನಿಯಾದವರಲ್ಲಿ ತುಂಬಾ ಜನ ರೋಮಾ ಸಮುದಾಯದವರು, ಯೂರೋಪಿನಲ್ಲಿ ಬಹಳ ಕಾಲದಿಂದ ಜನ ದೂರ ಇಟ್ಟವರು. ರೊಮೇನಿಯಾದಲ್ಲೇ ಅವರಿಗೆ ಕೆಲಸ ಕೊಡುವವರು ಕಡಿಮೆ. ನಮ್ಮ ದೇಶದಲ್ಲೂ ಹುಟ್ಟಿದ ಜಾತಿ ನೋಡಿ ಕಳ್ಳರು ಅಂತ ಪಟ್ಟ ಕಟ್ಟಿದ ಕಾನೂನು ಬ್ರಿಟಿಷರ ಕಾಲದಲ್ಲಿ ಇತ್ತು. ಅದು ಹೋಗಿ ಎಷ್ಟೋ ವರ್ಷ ಆದರೂ ಆ ಹೆಸರು ಹೋಗಿಲ್ಲ. ಅದಕ್ಕೇ ನನಗೆ ಈ 'ಇವರೆಲ್ಲ ಒಂದು ಗುಂಪು' ಅನ್ನುವ ಮಾತು ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹುಬ್ಬಳ್ಳಿಮಂದಿ (ಬ್ರಿಸ್ಟಲ್)

ಏಳು ವರ್ಷದ ಕಟ್ಟುಪಾಡಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ರೀ.

ಮಲ್ಲಿಗೆಮೊಗ್ಗು (ಮ್ಯಾಂಚೆಸ್ಟರ್)

ಇದನ್ನು ಬರೆಯಲಾ ಬೇಡವಾ ಅಂತ ಒಂದು ಗಂಟೆ ಯೋಚನೆ ಮಾಡಿದೆ. ಬರೆಯುತ್ತೇನೆ.

ನಮ್ಮ ವೀಸಾ ಕಾಗದದಲ್ಲಿ ಏನಿದೆ ಎಲ್ಲರಿಗೂ ಗೊತ್ತು: 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್.' ಅಂದರೆ ಕೆಲಸ ಹೋದರೆ ಇಲ್ಲಿನ ಸರ್ಕಾರದ ಸಹಾಯ ಕೇಳುವ ಹಾಗಿಲ್ಲ. ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಯಿತು. ಕಂಪನಿ ಹೆಸರು ಬೇಡ. ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿನಿಂದ ಪತ್ರ ಬಂತು: 60 ದಿನದೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲ ದೇಶ ಬಿಡಬೇಕು. ಊರಿಗೆ ಹೋಗೋಣ ಅಂದರೆ ಅಣ್ಣನ ಮದುವೆ ಸಾಲ, ಅಪ್ಪನ ಆಪರೇಷನ್ ಸಾಲ ಎರಡೂ ನನ್ನ ಹೆಸರಲ್ಲಿ. ಯಾರಿಗೂ ಹೇಳಲಿಲ್ಲ.

ಆ ಎರಡು ತಿಂಗಳು ನಾನು ಹೇಗೆ ಕಾಣುತ್ತಿದ್ದೆ ಗೊತ್ತಾ? ಒಳ್ಳೆ ಕೋಟು, ಕೆಲಸದಲ್ಲಿದ್ದಾಗ ಕೊಂಡಿದ್ದು. ಒಳ್ಳೆ ಫೋನ್, ಅದರ ಕಂತು ಇನ್ನೂ ಕಟ್ಟುತ್ತಿದ್ದೆ. ಕಿವಿಯಲ್ಲಿ ಅಮ್ಮ ಕೊಟ್ಟ ಓಲೆ. ಬ್ಯಾಂಕಿನಲ್ಲಿ 140 ಪೌಂಡ್. ಬೆಳಗ್ಗೆ ಅನ್ನ, ರಾತ್ರಿ ಅದೇ ಅನ್ನಕ್ಕೆ ಉಪ್ಪಿನಕಾಯಿ. ಗುರುದ್ವಾರದಲ್ಲಿ ಊಟ ಹಾಕುತ್ತಾರೆ ಅಂತ ಗೊತ್ತಾದ ಮೇಲೆ ಬಸ್ಸಿನ ದುಡ್ಡು ಉಳಿಸಲು ನಡೆದೇ ಹೋಗುತ್ತಿದ್ದೆ. ಮೊದಲ ದಿನ ಸಾಲಿನಲ್ಲಿ ಕೂತಾಗ ಓಲೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಯಾರೋ ನೋಡಿ 'ಇವಳಿಗೇನು ಕಷ್ಟ' ಅಂದುಕೊಂಡಾರು ಅಂತ. ಬಡಿಸುತ್ತಿದ್ದ ತಾತ ನನ್ನ ಕಡೆ ನೋಡಿ ಇನ್ನೊಂದು ರೊಟ್ಟಿ ಹಾಕಿದರು. ಏನೂ ಕೇಳಲಿಲ್ಲ.

ಐವತ್ತೊಂದನೇ ದಿನ ಬೇರೆ ಕೆಲಸ ಸಿಕ್ಕಿತು. ಈಗ ಚೆನ್ನಾಗಿದ್ದೇನೆ. ಆದರೆ ಸಕ್ಕರೆನಾಡು ಅವರೇ, ಆ ದಿನ ನೀವು ನನ್ನನ್ನು ರಸ್ತೆಯಲ್ಲಿ ನೋಡಿದ್ದರೆ ನನ್ನ ಹತ್ತಿರ ನಿಮಗಿಂತ ಒಳ್ಳೆ ಫೋನ್ ಇತ್ತು.

ಸಕ್ಕರೆನಾಡು (ಹೌನ್ಸ್ಲೋ)

ಮೇಡಂ, ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಕ್ಷಮಿಸಿ.

ನಾನು ಯಾಕೆ ಹೀಗಾದೆ ಅಂತ ಹೇಳುತ್ತೇನೆ. ಹೊಸದಾಗಿ ಬಂದಾಗ ಸ್ಟೇಷನ್ ಹತ್ತಿರ ಒಬ್ಬ ಪತ್ರಿಕೆ ತೋರಿಸಿದ. ನಾನು ಹತ್ತು ಪೌಂಡ್ ನೋಟು ಕೊಟ್ಟೆ. ಅವನು ನೋಟು ತೆಗೆದುಕೊಂಡ, ಪತ್ರಿಕೆ ಕೊಡಲಿಲ್ಲ, 'ಇದೊಂದೇ ಉಳಿದಿರೋದು' ಅಂದ. ಚಿಲ್ಲರೆ ಕೇಳಿದರೆ ಜೋರು ಮಾಡಿದ. ಆಮೇಲೆ ಗೊತ್ತಾಯಿತು, ಅದು ಎರಡು ತಿಂಗಳು ಹಳೇ ಸಂಚಿಕೆ. ಆಗ ಕೈಯಲ್ಲಿದ್ದದ್ದೇ ಕಡಿಮೆ. ಆ ಹತ್ತು ಪೌಂಡ್ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಎಲ್ಲರೂ ಅವನ ಹಾಗೇ ಕಾಣುತ್ತಾರೆ.

ಲೀಡ್ಸ್‌ರಾಯರು (ಲೀಡ್ಸ್)

ಅಂಥವರು ಇದ್ದಾರೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಅವನು ಬಿಗ್ ಇಶ್ಯೂ ಮಾರುವವನೇ ಅಲ್ಲ ಅನಿಸುತ್ತದೆ. ಎಲ್ಲೋ ಬಿದ್ದಿದ್ದ ಒಂದು ಪ್ರತಿ ಹಿಡಿದು ನಿಂತವನು. ಇದರಿಂದ ನಿಜವಾಗಿ ಮಾರುವವರಿಗೇ ಹೊಡೆತ, ನಿಮಗಿಂತ ಜಾಸ್ತಿ ಸಿಟ್ಟು ಅವರಿಗೆ ಇರುತ್ತದೆ.

ಗುರುತು ಹಿಡಿಯುವುದು ಕಷ್ಟ ಅಲ್ಲ. ನಿಜವಾದ ಮಾರಾಟಗಾರರ ಕತ್ತಿನಲ್ಲಿ ಫೋಟೋ ಮತ್ತು ನಂಬರ್ ಇರುವ ಬ್ಯಾಡ್ಜ್ ಇರುತ್ತದೆ. ಸಾಮಾನ್ಯವಾಗಿ ಕೆಂಪು ಜಾಕೆಟ್. ಕೈಯಲ್ಲಿ ಒಂದಕ್ಕಿಂತ ಜಾಸ್ತಿ ಪ್ರತಿ ಇರುತ್ತವೆ. ಮುಖಪುಟದ ಮೇಲೆ ತಾರೀಕು ನೋಡಿಕೊಳ್ಳಬಹುದು. ಅವರು ನಡತೆಯ ನಿಯಮಕ್ಕೆ ಸಹಿ ಹಾಕಿರುತ್ತಾರೆ. ಕುಡಿದು ಮಾರುವುದು, ಜನರನ್ನು ಪೀಡಿಸುವುದು, ಭಿಕ್ಷೆ ಬೇಡುವುದು, ಏನೇ ಕಂಡರೂ ಬ್ಯಾಡ್ಜ್ ನಂಬರ್ ಹೇಳಿ ಆಫೀಸಿಗೆ ದೂರು ಕೊಡಬಹುದು. ಅಂದರೆ ಪರೀಕ್ಷೆ ಮಾಡುವುದಕ್ಕೆ ಜನ ಇದ್ದಾರೆ. ಬ್ಯಾಡ್ಜ್ ಕೊಡುವ ಮುಂಚೆ ಅವರ ಸ್ಥಿತಿ ಕೇಳಿಯೇ ಕೊಟ್ಟಿರುತ್ತಾರೆ. ಹಾಲು ತರಲು ಹೊರಟ ನಾವು ಬಾಗಿಲಲ್ಲಿ ನಿಂತು ಮತ್ತೆ ವಿಚಾರಣೆ ಮಾಡುವುದು ಯಾಕೆ? ನಮಗೆ ಪತ್ರಿಕೆ ಬೇಕಾ ಬೇಡವಾ ಅಷ್ಟೇ ತೀರ್ಮಾನ ಮಾಡಿದರೆ ಸಾಕು. ಬೇಡ ಅಂದರೆ 'ನೋ ಥ್ಯಾಂಕ್ಸ್' ಅಂತ ಮುಖ ನೋಡಿ ಹೇಳಿ. ಮುಖ ನೋಡದೆ ಹೋಗುವುದು ತುಂಬಾ ನೋವು ಅಂತ ನನ್ನ ಹತ್ತಿರ ಎಷ್ಟೋ ಜನ ಹೇಳಿದ್ದಾರೆ.

ಭಿಕ್ಷೆ ಅಂದ ಮೇಲೆ ನೆನಪಾಯಿತು. ಈ ದೇಶದಲ್ಲಿ ಭಿಕ್ಷೆ ಬೇಡುವುದನ್ನು ಅಪರಾಧ ಮಾಡಿದ ಕಾನೂನು 1824ರಲ್ಲೇ ಬಂದಿತ್ತು. ಪತ್ರಿಕೆ ಮಾರಿದರೆ ಅದು ಭಿಕ್ಷೆ ಅಲ್ಲ, ವ್ಯಾಪಾರ. ಬೇಡುವುದು ಬಿಟ್ಟು ಬೇರೆ ದಾರಿ ಇಲ್ಲದವರ ಕೈಗೆ ಮಾರುವ ವಸ್ತು ಕೊಟ್ಟಿದ್ದು ಸಣ್ಣ ವಿಷಯ ಅಲ್ಲ.

ಕಾಫಿತೋಟ (ಸಿಯಾಟಲ್)

ನಮ್ಮ ಊರಲ್ಲೂ ಇದೇ ತರಹ 'ರಿಯಲ್ ಚೇಂಜ್' ಅಂತ ಪತ್ರಿಕೆ ಇದೆ, 1994ರಿಂದ. ಮಾರುವವರು 60 ಸೆಂಟ್‌ಗೆ ಕೊಂಡು 2 ಡಾಲರ್‌ಗೆ ಮಾರುತ್ತಾರೆ ಅಂತ ನನಗೆ ಮಾರುವವರೇ ಹೇಳಿದ್ದು. ಫೋನಿನಲ್ಲೂ ದುಡ್ಡು ಕೊಡಬಹುದು. ಆಫೀಸಿನಲ್ಲಿ ಇದೇ ಚರ್ಚೆ, ಅದೇ ಶೂ, ಅದೇ ಫೋನ್. ಕೋಟಿ ಕೋಟಿ ಸಂಬಳ ತೆಗೆದುಕೊಳ್ಳುವವರು ಎರಡು ಡಾಲರ್‌ಗೆ ಇಷ್ಟು ತನಿಖೆ ಮಾಡುವುದು ನೋಡಿ ನನಗೆ ಬೇಸರ. ಒಂದು ವಿಷಯ: ಪತ್ರಿಕೆ ಚೆನ್ನಾಗಿರುತ್ತದೆ, ಓದಿ. ಊರಿನ ಬಾಡಿಗೆ, ಮನೆ ವಿಷಯಕ್ಕೆ ಅವರಷ್ಟು ಚೆನ್ನಾಗಿ ಬರೆಯುವವರು ಕಡಿಮೆ.

ವಿಜಯನಗರ_ಬಡಾವಣೆ (ಬೆಂಗಳೂರು)

ಊರಲ್ಲಿರುವವನ ಎರಡು ಮಾತು. ಇಲ್ಲಿ ಸಿಗ್ನಲ್‌ನಲ್ಲಿ ಪೆನ್ನು, ಕಾರು ಒರೆಸುವ ಬಟ್ಟೆ, ನವೆಂಬರ್ ಬಂದರೆ ಹಳದಿ ಕೆಂಪು ಬಾವುಟ ಮಾರುವವರ ಬಗ್ಗೆಯೂ ಇದೇ ಮಾತು. 'ಮಾಫಿಯಾ', 'ಮಗು ಬಾಡಿಗೆಗೆ ತಂದಿದ್ದಾರೆ.' ಇಲ್ಲಿ ಯಾರು ನಿಜ ಯಾರು ಸುಳ್ಳು ಅಂತ ನೋಡಿ ಬ್ಯಾಡ್ಜ್ ಕೊಡುವವರೇ ಇಲ್ಲ. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಆಸ್ತಿ ತೆರಿಗೆ ಜೊತೆ ಶೇ 3 ಭಿಕ್ಷುಕರ ಸೆಸ್ ಕಟ್ಟುತ್ತೇವೆ, ಮಾಗಡಿ ರಸ್ತೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇದೆ. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನದಲ್ಲಿ ಎಷ್ಟು ಜನ ಸತ್ತರು ಅಂತ ಹಳೇ ಪೇಪರ್ ತೆಗೆದು ನೋಡಿ. ಬೀದಿಯಲ್ಲಿ ನಿಂತು ಏನಾದರೂ ಮಾರುತ್ತೇನೆ, ಅಲ್ಲಿಗೆ ಮಾತ್ರ ಬೇಡ ಅಂತ ಒಬ್ಬ ಮನುಷ್ಯ ಯಾಕೆ ಅಂತಾನೆ ಅನ್ನುವುದು ಗೊತ್ತಾಗುತ್ತದೆ.

ಅಜ್ಜನಮೊಮ್ಮಗ (ಸ್ವಿಂಡನ್)

ಶೂ ಬಗ್ಗೆ ಓದಿ ನಮ್ಮ ಅಜ್ಜ ಹೇಳಿದ್ದು ನೆನಪಾಯಿತು. ಅಜ್ಜ ಮೈಸೂರಿನಲ್ಲಿ ವಾರಾನ್ನದ ಮೇಲೆ ಓದಿದವರು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ. ಗುರುವಾರದ ಮನೆಯ ಅಮ್ಮ ಬಹಳ ಒಳ್ಳೆಯವರು, ದೀಪಾವಳಿಗೆ ತಮ್ಮ ಮಗನ ಜೊತೆ ಇವರಿಗೂ ಒಂದು ಅಂಗಿ ಹೊಲಿಸಿದರು. ಅದನ್ನು ಹಾಕಿಕೊಂಡು ಶನಿವಾರದ ಮನೆಗೆ ಹೋದರೆ ಆ ಮನೆಯ ಯಜಮಾನರು ಮೇಲಿಂದ ಕೆಳಗೆ ನೋಡಿ, 'ಅಂಗಿ ಹೊಲಿಸುವಷ್ಟು ಅನುಕೂಲ ಇದ್ದಮೇಲೆ ವಾರ ಯಾಕಯ್ಯಾ ನಿನಗೆ?' ಅಂದರಂತೆ. ಅವತ್ತು ಊಟ ಹಾಕಿದರು. ಆದರೆ ಅಜ್ಜನಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಆಮೇಲೆ ಅಜ್ಜ ಶನಿವಾರ ಬಂದರೆ ತೋಳು ಹರಿದ ಹಳೇ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. ಹೊಸದನ್ನು ಹಾಸಿಗೆ ಸುರುಳಿಯ ಒಳಗೆ ಮಡಿಸಿಟ್ಟಿದ್ದರು. ಪರೀಕ್ಷೆ ಮುಗಿಸಿ ಊರಿಗೆ ಹೊರಟಾಗ ತೆಗೆದು ನೋಡಿದರೆ ಅದು ಅವರಿಗೆ ಆಗುತ್ತಿರಲಿಲ್ಲ, ಅಷ್ಟರಲ್ಲಿ ಬೆಳೆದುಬಿಟ್ಟಿದ್ದರು. ತೊಂಬತ್ತು ವರ್ಷ ಬದುಕಿದರು, ಈ ಕಥೆ ಹೇಳುವಾಗ ಪ್ರತಿ ಸಲವೂ ಆ ಅಂಗಿಯ ಬಣ್ಣ ಹೇಳುತ್ತಿದ್ದರು. ತಿಳಿ ನೀಲಿ, ಮೇಲೆ ಸಣ್ಣ ಬಿಳಿ ಗೆರೆ.

ಪತ್ರಿಕೆ ಮಾರುವವರಿಗೂ ಇದೇ ಕಷ್ಟ. ಬಟ್ಟೆ ಕೊಳೆಯಾಗಿದ್ದರೆ ಜನ ದೂರ ಹೋಗುತ್ತಾರೆ. ನೀಟಾಗಿದ್ದರೆ ಇವನಿಗೇನು ಬಡತನ ಅಂತಾರೆ. ಯಾವ ಅಂಗಿ ಹಾಕಿಕೊಂಡು ನಿಲ್ಲಬೇಕು ಅವರು?

ಕೆಂಪಂಗಿ (ಮಿಲ್ಟನ್ ಕೀನ್ಸ್)

ಅಜ್ಜನಮೊಮ್ಮಗ ಅವರೇ, ಕಣ್ಣಲ್ಲಿ ನೀರು ಬಂತು.

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ನಮ್ಮವರು ಕೆಲವರು ದುಡ್ಡು ಕೊಟ್ಟು 'ಪತ್ರಿಕೆ ಬೇಡ, ನೀನೇ ಇಟ್ಟುಕೋ, ಇನ್ನೊಬ್ಬರಿಗೆ ಮಾರು' ಅಂತಾರೆ. ಒಳ್ಳೆ ಮನಸ್ಸಿನಿಂದಲೇ. ಆದರೆ ಪತ್ರಿಕೆ ತೆಗೆದುಕೊಳ್ಳಿ ಅಂತಲೇ ಬಿಗ್ ಇಶ್ಯೂದವರು ಕೇಳಿಕೊಳ್ಳುತ್ತಾರೆ. ತೆಗೆದುಕೊಂಡರೆ ವ್ಯಾಪಾರ, ಬಿಟ್ಟರೆ ಭಿಕ್ಷೆ. ಒಬ್ಬರು ನನಗೆ ಹೇಳಿದ್ದರು: 'ನೀವು ಪತ್ರಿಕೆ ಬಿಟ್ಟು ಹೋದರೆ ಆ ದಿನ ನಾನು ಏನೂ ಮಾರಲಿಲ್ಲ ಅನಿಸುತ್ತದೆ.'

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಬೀದಿ ಮಾರಾಟ ನಿಲ್ಲಿಸಬೇಕಾಯಿತು. ಅಂಗಡಿಗಳಲ್ಲಿ ಇಟ್ಟು ಮಾರಿದರು, ಚಂದಾ ಶುರು ಮಾಡಿದರು. ಆಗ ನಮ್ಮ ಆಫೀಸಿಗೆ ಬಂದ ಫೋನುಗಳು ನನಗೆ ಗೊತ್ತು. ಬೀದಿ ಖಾಲಿಯಾದ ಒಂದೇ ವಾರಕ್ಕೆ ಕೈ ಖಾಲಿ. ಕಾರಲ್ಲಿ ಓಡಾಡುವ ಶ್ರೀಮಂತರಾಗಿದ್ದರೆ ಒಂದು ವಾರಕ್ಕೆ ಯಾಕೆ ಹಾಗಾಗಬೇಕಿತ್ತು?

ಕೊಪ್ಪದಹುಡುಗಿ (ರೀಡಿಂಗ್)

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಇವತ್ತು ಶನಿವಾರ, ಹೋಗಿದ್ದೆ. ಒಬ್ಬಳೇ ಹೋದೆ.

ಮಳೆ ಹನಿಯುತ್ತಿತ್ತು. ರಾಯರು ಹೇಳಿದ ಹಾಗೇ ಪತ್ರಿಕೆಗಳು ಕಪ್ಪು ಚೀಲದೊಳಗೆ, ಮೇಲಿನದೊಂದು ಪ್ಲಾಸ್ಟಿಕ್ ಕವರಿನಲ್ಲಿ. ಬ್ಯಾಡ್ಜ್ ಇತ್ತು, ಫೋಟೋ ಅವರದೇ. ನೋಡಬಾರದು ಅಂದುಕೊಂಡರೂ ನೋಡಿಬಿಟ್ಟೆ, ಅವರು ನಾನು ನೋಡಿದ್ದನ್ನು ಗಮನಿಸಿ ಸುಲಭವಾಗಿ ಕಾಣಲಿ ಅಂತ ಬ್ಯಾಡ್ಜ್ ತಿರುಗಿಸಿ ಹಿಡಿದರು. ನಾಚಿಕೆ ಆಯಿತು. ಐದು ಪೌಂಡ್ ಕೊಟ್ಟೆ. ಅವರು ಒಂದು ಪೌಂಡ್ ವಾಪಸ್ ಕೊಡಲು ಲಂಗದ ಜೇಬಿಗೆ ಕೈ ಹಾಕಿ ಹುಡುಕಿದರು. ಬೇಡ ಅಂದೆ. ಇಲ್ಲ ಅಂತ ತಲೆ ಆಡಿಸಿ ನಾಣ್ಯ ಎಣಿಸಿ ಕೈಗೆ ಇಟ್ಟರು. ಬೆರಳ ತುದಿ ಚಳಿಗೆ ಒಡೆದಿತ್ತು, ಊರಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಅಮ್ಮನ ಬೆರಳು ಹಾಗೇ ಒಡೆಯುತ್ತಿತ್ತು.

ಕಾರಿನ ವಿಷಯ ನಾನು ಕೇಳಲಿಲ್ಲ. ಅವರೇ ಹೇಳಿದರು, ಬೇರೆ ಮಾತಿನ ನಡುವೆ. ಊರಾಚೆ ಒಂದು ಮನೆಯಲ್ಲಿ ಮೂರು ಸಂಸಾರ ಇದ್ದಾರಂತೆ. ಮೈದುನನ ಹತ್ತಿರ ಹಳೇ ಕಾರಿದೆ, ಅವನು ಕಾರು ತೊಳೆಯುವ ಕಡೆ ಕೆಲಸಕ್ಕೆ ಹೋಗುವಾಗ ನಾಲ್ಕು ಜನ ಹೆಂಗಸರನ್ನು ಒಬ್ಬೊಬ್ಬರನ್ನೇ ಒಂದೊಂದು ಕಡೆ ಇಳಿಸಿ ಹೋಗುತ್ತಾನಂತೆ. ಪೆಟ್ರೋಲಿಗೆ ಎಲ್ಲರೂ ಸೇರಿ ಕೊಡುತ್ತಾರೆ, ಬಸ್ಸಿಗಿಂತ ಕಡಿಮೆ ಬೀಳುತ್ತದೆ ಅಂದರು. ನಾನೂ ನನ್ನ ಜೊತೆ ಕೆಲಸ ಮಾಡುವ ಇಬ್ಬರೂ ದಿನಾ ಮಾಡುವುದು ಅದನ್ನೇ.

ಜೊತೆಗಿದ್ದವರಿಗೆ ಇದನ್ನು ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ಅವರು ಕೆಟ್ಟವರಲ್ಲ, ನೋಡಿದ್ದು ನಿಜ, ಕಾರು ಕಂಡಿದ್ದರು ಅಷ್ಟೇ.

ಸಕ್ಕರೆನಾಡು (ಹೌನ್ಸ್ಲೋ)

ಒಳ್ಳೇದು ಮಾಡಿದಿರಿ. ಇಲ್ಲಿ ಸ್ಟೇಷನ್ ಹತ್ತಿರದವನ ಹತ್ತಿರ ನಾನೂ ನಾಳೆ ತೆಗೆದುಕೊಳ್ಳೋಣ ಅಂತಿದ್ದೇನೆ. ಒಂದೇ ತೊಂದರೆ, ನನ್ನ ಹತ್ತಿರ ಕ್ಯಾಶ್ ಇರುವುದೇ ಇಲ್ಲ. ಕಾರ್ಡ್ ನಡೆಯುತ್ತದಾ?

ಲೀಡ್ಸ್‌ರಾಯರು (ಲೀಡ್ಸ್)

ತುಂಬಾ ಜನರ ಹತ್ತಿರ ಕಾರ್ಡ್ ಮಷೀನ್ ಇದೆ, ಕೇಳಿ. 2022ರ ಜೂನ್‌ನಲ್ಲಿ ಪ್ರಿನ್ಸ್ ವಿಲಿಯಂ ಲಂಡನ್ ಬೀದಿಯಲ್ಲಿ ನಿಂತು ಇದನ್ನು ಮಾರಿದಾಗ ಒಬ್ಬರು ಚಿಲ್ಲರೆ ಇಲ್ಲ ಅಂದರಂತೆ, ವಿಲಿಯಂ ಕಾರ್ಡ್ ಮಷೀನ್ ತೆಗೆದು ತೋರಿಸಿದರಂತೆ. ಮಷೀನ್ ನೋಡಿ ಮತ್ತೆ 'ಇವನ ಹತ್ತಿರ ಮಷೀನ್ ಬೇರೆ ಇದೆ' ಅನ್ನಬೇಡಿ ಮಾರಾಯರೇ. ಅಂಗಡಿಯವನ ಹತ್ತಿರ ಇರುವುದಿಲ್ಲವಾ, ಹಾಗೇ ಇದು. ಮಳೆಯಲ್ಲಿ ಸಿಗ್ನಲ್ ಸಿಗಲು ಸ್ವಲ್ಪ ಹೊತ್ತು ಆಗಬಹುದು, ಕಾಯಿರಿ.

ಸಕ್ಕರೆನಾಡು (ಹೌನ್ಸ್ಲೋ)

ಕಾಯುತ್ತೇನೆ.